ಅಣ್ಣನ ಮೈಯೊಳಗಿನ ಆಕ್ಟಿನಿಯಂ

ಈ ವರ್ಷ ಎಫ್-ಬ್ಲಾಕಿನ ಪಾಠ ನಾನು ಮಾಡಲಿಲ್ಲ. ಜೊತೆಯ ಲೆಕ್ಚರರ್ ಒಬ್ಬರಿಗೆ, ಆ ಎರಡು ಪೀರಿಯಡ್ ನೀವು ತಗೊಂಡುಬಿಡಿ ರೀ, ನಿಮ್ಮ ಎರಡು ನಾನು ತಗೋತೀನಿ ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಿಕಾರಿಪುರದ ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕೆಮಿಸ್ಟ್ರಿ ಹೇಳುತ್ತಿದ್ದೇನೆ, ಹೇಳೀ ಹೇಳೀ ಗಂಟಲು ಸವೆದಿದೆ. ಮೂಲವಸ್ತುಗಳ ಪಟ್ಟಿಯಲ್ಲಿ ತೀರಾ ಕೆಳಗೆ, ಮನೆಯಿಂದ ಬೇರೆ ಹಾಕಿದ ಹಾಗೆ ಎರಡು ಸಾಲು ಇರುತ್ತವೆ, ಅದೇ ಎಫ್-ಬ್ಲಾಕು. ಎರಡನೇ ಸಾಲಿಗೆ ಹೆಸರು ಬಂದಿರೋದು ಆಕ್ಟಿನಿಯಂ ಅನ್ನುವ ಒಂದು ಲೋಹದಿಂದ. ಅದರ ಬಗ್ಗೆ ಪ್ರತಿ ವರ್ಷ ನಾನು ಹೇಳುತ್ತಿದ್ದದ್ದು ಇಷ್ಟೇ: ತುಂಬ ಅಪರೂಪದ್ದು, ವಿಕಿರಣ ಸೂಸುತ್ತದೆ, ಪರೀಕ್ಷೆಗೆ ಬರಲ್ಲ, ಮುಂದೆ ಹೋಗೋಣ.

ಆ ಲೋಹ ನಮ್ಮಣ್ಣನ ಮೈಯೊಳಗೆ ಮೂರು ಸಲ ಹೋಯಿತು. ನಾಲ್ಕನೇ ಸಲವೂ ಹೋಗಬೇಕಿತ್ತು, ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನೋದು ನನಗೊಬ್ಬಳಿಗೇ ಪೂರ್ತಿ ಗೊತ್ತು. ಅಣ್ಣ ಈಗ ಇಲ್ಲ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಶಕ್ತಿ ನನಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಸೊರಬದಲ್ಲಿ ಬೀಜ-ಗೊಬ್ಬರದ ಅಂಗಡಿ, ಮನೆ ಜಡೆಯಲ್ಲಿ. ಮನೆಯಲ್ಲಿ ಅವ್ವ, ಅತ್ತಿಗೆ, ಮಗಳು ಒಬ್ಬಳೇ. ಅವಳನ್ನು ಹಾವೇರಿ ಕಡೆ ಕೊಟ್ಟಿದ್ದರು. ನಾನು ಮದುವೆ ಆಗಲಿಲ್ಲ, ಶಿಕಾರಿಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದುಕೊಂಡು ಇದ್ದೆ, ಈಗಲೂ ಅಲ್ಲೇ ಇದ್ದೇನೆ. ಅಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಕೆಲಸಕ್ಕೆ ಸೇರಿದ ದಿನದಿಂದ "ಮೇಡಮ್ಮೋರು" ಅಂತಲೇ ಚುಡಾಯಿಸುತ್ತಿದ್ದ. ಹತ್ತನೇ ಕ್ಲಾಸು ದಾಟದವನು, ಆದರೆ ನಾನು ಹೇಳಿದ್ದೆಲ್ಲ ಅವನಿಗೆ ಸರಿ. ರೈತರು ಯಾವುದಾದರೂ ಔಷಧಿ ಬಗ್ಗೆ ಕೇಳಿದರೆ, "ತಡೀರಿ, ತಂಗಿನ ಕೇಳಿ ಹೇಳ್ತೀನಿ" ಅಂತ ಪೀರಿಯಡ್ಡಿನ ನಡುವೆ ಫೋನ್ ಮಾಡಿ ನನ್ನ ಹತ್ತಿರ ಬೈಸಿಕೊಳ್ಳುತ್ತಿದ್ದ.

ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಬೆನ್ನೆಲುಬಿಗೂ ಸೊಂಟಕ್ಕೂ ಹತ್ತಿತ್ತು. ಎರಡು ವರ್ಷ ಇಂಜೆಕ್ಷನ್ನು, ಮಾತ್ರೆ, ಕೀಮೋ ಎಲ್ಲ ಆಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಓಡಾಡಿ ಓಡಾಡಿ ನನ್ನ ರಜೆಯೆಲ್ಲ ತೀರಿತು, ಅತ್ತಿಗೆಯ ಮಂಡಿ ಹೋಯಿತು. ಕೊನೆಗೆ ಒಂದು ದಿನ ಅಲ್ಲಿನ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನೊಂದಿದೆ, ಆಕ್ಟಿನಿಯಂ ಅಂತ. ನೀವು ಕೇಳಿರಲಿಕ್ಕಿಲ್ಲ" ಅಂದರು. ನನಗೆ ನಗು ಬಂದುಬಿಟ್ಟಿತು, ತಡೆಯಲಾಗಲಿಲ್ಲ. ಅಣ್ಣ ನನ್ನ ಮುಖ ನೋಡಿದ.

"ಯಾಕೆ ನಗ್ತೀಯ? ನಿಮ್ಮ ಕಡೆಯವನಾ?"

"ಹೂಂ, ನಮ್ಮ ಕಡೆಯವನೇ" ಅಂದೆ.

ವಾಪಸ್ ಬರುವಾಗ ರೈಲಿನಲ್ಲಿ ಅರಸೀಕೆರೆ ದಾಟುವವರೆಗೂ ಅದರದ್ದೇ ಮಾತು. ಅವನಿಗೆ ಯಾವ ಮಾಲಾದರೂ ಎಲ್ಲಿಂದ ಬಂತು ಅಂತ ಗೊತ್ತಾಗಬೇಕು, ವ್ಯಾಪಾರದವನಲ್ಲವೇ. ನಾನು ಹೇಳಿದೆ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಪ್ಯಾರಿಸ್ಸಿನಲ್ಲಿ ಕೆಲವರು ಕಪ್ಪು ಅದಿರನ್ನು ಕುದಿಸಿ, ಸೋಸಿ, ರೇಡಿಯಂ ತೆಗೆಯುತ್ತಿದ್ದರು. ತೆಗೆದು ಉಳಿದ ಚರಟವನ್ನು ಅವರ ಜೊತೆಗಾರನೊಬ್ಬ ಎಸೆಯಲಿಲ್ಲ, ಮತ್ತೆ ಹುಡುಕಿದ. ಅದರಲ್ಲಿ ಇನ್ನೇನೋ ಕಿರಣ ಬಿಡುತ್ತಿತ್ತು. ಅದಕ್ಕೆ ಆಕ್ಟಿನಿಯಂ ಅಂತ ಹೆಸರಿಟ್ಟ, ಗ್ರೀಕಿನಲ್ಲಿ ಕಿರಣ ಅಂತ ಅರ್ಥ. ಸ್ವಲ್ಪ ವರ್ಷದ ಮೇಲೆ ಜರ್ಮನಿಯ ಇನ್ನೊಬ್ಬನೂ ಅದನ್ನೇ ಕಂಡುಹಿಡಿದು ತಾನೇ ಮೊದಲು ಅಂತ ಬೇರೆ ಹೆಸರಿಟ್ಟ. ಅದಿರನ್ನು ಲಾರಿಗಟ್ಟಲೆ ತಂದು ಸುರಿದರೂ ಸಿಗೋದು ಸಾಸಿವೆ ಕಾಳಿನಷ್ಟೂ ಇಲ್ಲ.

"ಬೇರೆಯವರು ಹಿಂಡಿ ಬಿಟ್ಟ ಚರಟದಾಗೆ ಕೈ ಹಾಕಿ ನೋಡಿದ್ನಾ ಅವನು? ಒಳ್ಳೇ ವ್ಯಾಪಾರಸ್ಥ ಆಗ್ತಿದ್ದ" ಅಂದ ಅಣ್ಣ. ಆಮೇಲೆ, "ಅಷ್ಟು ವರ್ಷ ಏನು ಮಾಡ್ತಿತ್ತು ಅದು?" ಅಂತ ಕೇಳಿದ.

"ಏನೂ ಇಲ್ಲ. ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ನನ್ನ ಪಟ್ಟಿಯಲ್ಲಿ ಕೂತಿತ್ತು."

"ಕತ್ತಲಾಗೆ ಹೊಳೀತದಂತಲ್ಲ. ನಾನೂ ಹೊಳೀತೀನಾ?"

"ತೀರಾ ತಿಳಿ ನೀಲಿ ಬೆಳಕು ಬರುತ್ತೆ, ಗಟ್ಟಿಯಾಗಿ ಇಟ್ಟರೆ. ನಿನಗೆ ಹಾಕೋದು ಕಣ್ಣಿಗೂ ಕಾಣದಷ್ಟು. ಹೊಳೆಯೋದೂ ಇಲ್ಲ, ಏನೂ ಇಲ್ಲ, ಸುಮ್ಮನೆ ಮಲಗು" ಅಂದೆ.

ಆಸ್ಪತ್ರೆಯವರಿಗೆ ಬೇಕಾದ್ದು ಅದರದ್ದೇ ಇನ್ನೊಂದು ಬಗೆ. ಹತ್ತು ದಿನಕ್ಕೆ ಅರ್ಧ ಸವೆದುಹೋಗುವಂಥದ್ದು. ಅದನ್ನು ಹಳೇ ಥೋರಿಯಂ ದಾಸ್ತಾನಿನಿಂದ ತೆಗೆಯುತ್ತಾರೆ. ಥೋರಿಯಂ ತನ್ನಷ್ಟಕ್ಕೆ ಸವೆಯುತ್ತ ಅದನ್ನು ಹುಟ್ಟಿಸುತ್ತ ಇರುತ್ತದೆ, ಇವರು ಎರಡು ತಿಂಗಳಿಗೊಮ್ಮೆ ಹಸು ಕರೆದ ಹಾಗೆ ಕರೆದುಕೊಳ್ಳುತ್ತಾರೆ. ಅಂಥ ದಾಸ್ತಾನು ಇರೋದು ಲೋಕದಲ್ಲಿ ಬೆರಳೆಣಿಕೆಯ ಕಡೆ. ಬರುವುದು ವಿಮಾನದಲ್ಲಿ, ಇಂಥವನಿಗೆ ಇಂಥ ದಿನ ಅಂತ ಅಳೆದು. ಬಂದ ದಿನ ಆ ಮನುಷ್ಯ ಅಲ್ಲಿರಬೇಕು. ಇಲ್ಲದಿದ್ದರೆ ಅದು ಕಾಯೋದಿಲ್ಲ, ಕೂತ ಕಡೆಯೇ ಕರಗುತ್ತದೆ.

ಮೊದಲನೇ ಡೋಸಿನ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಂಗತಿ ಆಗಿತ್ತು. ಅಣ್ಣನ ಮಗಳಿಗೆ ಏಳು ತಿಂಗಳು. ಕುಬುಸ ಮಾಡಿ ಮೊದಲ ಬಾಣಂತನಕ್ಕೆ ತವರಿಗೆ ಕರೆತಂದಿದ್ದರು. ಮೊದಲ ಹೆರಿಗೆ ತವರಲ್ಲೇ ಆಗಬೇಕು, ಅದರಲ್ಲಿ ನಮ್ಮ ಕಡೆ ಎರಡು ಮಾತಿಲ್ಲ. ಅಪ್ಪನಿಗೆ ಹುಷಾರಿಲ್ಲ, ನೀನು ಅಲ್ಲೇ ಇರು ಅಂತ ಬಸುರಿಯನ್ನು ವಾಪಸ್ ಕಳಿಸಿದರೆ ಬೀಗರ ಮುಂದೆ ತಲೆ ಎತ್ತೋ ಹಾಗಿಲ್ಲ. ಅಣ್ಣನಿಗಂತೂ ಆ ದಿನಗಳಲ್ಲಿ ನಾಲಿಗೆ ಮೇಲಿದ್ದದ್ದು ಒಂದೇ ಮಾತು: ಕೂಸು ಹುಟ್ಟಲಿ, ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ, ಅಷ್ಟು ದಿನ ಇದ್ದರೆ ಸಾಕು. ಅದಕ್ಕಾಗಿಯೇ ಅವನು ಈ ಮದ್ದಿಗೆ ಒಪ್ಪಿದ್ದು. ಇಲ್ಲದಿದ್ದರೆ ಕೀಮೋ ಆದ ಮೇಲೆ ಅವನಿಗೆ ಸಾಕಾಗಿತ್ತು, ನನಗೆ ಬಾಯಿಬಿಟ್ಟೇ ಹೇಳಿದ್ದ.

ಡಾಕ್ಟರು ಇಂಗ್ಲಿಷಿನ ಒಂದು ಹಾಳೆ ಕೊಟ್ಟಿದ್ದರು. ಒಂದು ವಾರ ಬಸುರಿಯರಿಂದ, ಚಿಕ್ಕ ಮಕ್ಕಳಿಂದ ದೂರ ಇರಬೇಕು. ಬಚ್ಚಲು ಬೇರೆ, ಎರಡು ಸಲ ನೀರು ಹಾಕಬೇಕು. ಬಟ್ಟೆ, ತಟ್ಟೆ, ಲೋಟ ಬೇರೆ. ವಾರ ಕಳೆದ ಮೇಲೆ ಮಾಮೂಲು. ಡೋಸು ಹಾಕಿಸಿ ಅಣ್ಣನನ್ನು ಕರೆತಂದ ದಿನ, ಬೇರೆ ಕೋಣೆಯಲ್ಲಿಟ್ಟರೆ ಸಾಕು ಅಂದುಕೊಂಡು, ನಾನು ಹಾಳೆ ಹಿಡಿದು ಜಡೆಯ ಮನೆಯ ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಹೇಳಿದೆ. ಅವ್ವನಿಗೆ ಆಗ ಎಂಬತ್ತೊಂದು. ಕೇಳಿ ನಕ್ಕಳು.

ನಾವು ಲಿಂಗ ಕಟ್ಟಿದ ಜನ. ನಮ್ಮ ಮನೆಯಲ್ಲಿ ಹೆತ್ತರೂ ಸೂತಕ ಇಲ್ಲ, ಸತ್ತರೂ ಇಲ್ಲ. ಮುಟ್ಟಾದವಳು ಮೂಲೆ ಹಿಡಿಯೋದಿಲ್ಲ, ಎಂಜಲಿಗೆ ಮುಖ ತಿರುಗಿಸೋದಿಲ್ಲ. ಅವ್ವನಿಗೆ ಇದು ದೊಡ್ಡ ಹೆಮ್ಮೆ. ಬೇರೆಯವರ ಮನೆಯಲ್ಲಿ ಬಾಣಂತಿಯನ್ನು ಹತ್ತು ದಿನ ಬೇರೆ ಇಟ್ಟರೆ, "ಪಾಪ, ಅವರಿಗೆ ಹಂಗೆ" ಅಂತ ಮರುಕದಿಂದ ಹೇಳುವವಳು. ತಟ್ಟೆಯಲ್ಲಿ ಒಂದು ಅಗುಳು ಬಿಡೋ ಹಾಗಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವ ಹೆಂಗಸು. ಅಂಥವಳ ಮುಂದೆ ಹೋಗಿ ನಿನ್ನ ಮಗನನ್ನು ಒಂದು ವಾರ ಮುಟ್ಟಬೇಡ ಅಂದರೆ ಕೇಳುತ್ತಾಳೆಯೇ?

"ಹಿರೀಕರು ಬಿಟ್ಟು ಎಷ್ಟು ಕಾಲ ಆತು. ನೀನು ಒಂದು ಸೂಜಿಮದ್ದಿಗೆ ಅದನ್ನ ಮನಿ ಒಳಗೆ ತರ್ತೀಯಾ? ಓದಿಸಿದ್ದು ಇದಕ್ಕಾ ನಿನ್ನ?" ಅಂದಳು.

ನಾನು ಮೊದಲು ಸಮಾಧಾನದಿಂದಲೇ ಇದ್ದೆ. ಆ ಮದ್ದು ಹಾಕಿದ ಮೇಲೆ ಅಣ್ಣನ ಬಾಯಿ ಒಣಗಿತ್ತು. ಎಂಜಲು ಊರುವುದೇ ನಿಂತುಹೋಗುತ್ತದೆ, ಅದು ಆ ಮದ್ದಿನ ಗುಣ. ರೊಟ್ಟಿ ನುಂಗಲು ಆಗದೆ ಅರ್ಧ ತುಂಡು ತಟ್ಟೆಯಲ್ಲಿ ಬಿಟ್ಟಿದ್ದ. ನಾನು ನೋಡುತ್ತಿದ್ದ ಹಾಗೆಯೇ ಅವ್ವ ಆ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಅದೇ ಕೈಯಲ್ಲಿ ಮೊಮ್ಮಗಳಿಗೂ ತಿನ್ನಿಸಲು ಇನ್ನೊಂದು ಚೂರು ಮುರಿದಳು. ನನಗೆ ಎಲ್ಲಿತ್ತೋ ಸಿಟ್ಟು. ಎರಡು ದಿನದಿಂದ ನಿದ್ದೆ ಇಲ್ಲ, ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಬೆನ್ನು ಹೋಗಿದೆ, ನಾಳೆ ಬೆಳಿಗ್ಗೆ ಕ್ಲಾಸಿದೆ. ಅವಳ ಕೈಯಿಂದ ರೊಟ್ಟಿ ಕಿತ್ತುಕೊಂಡೆ.

"ಏನಂದ್ಕೊಂಡಿದ್ದೀಯವ್ವ ಇದನ್ನ? ಇದು ನೀನು ಹೇಳೋ ಸೂತಕ ಅಲ್ಲ, ಹನ್ನೊಂದನೇ ದಿನ ನೀರು ಹಾಕ್ಕೊಂಡು ಒಳಗೆ ಬರೋಕೆ. ಹತ್ತು ದಿನಕ್ಕೆ ಅರ್ಧ ಆಗುತ್ತೆ. ಮತ್ತೆ ಹತ್ತು ದಿನಕ್ಕೆ ಆ ಅರ್ಧದಾಗೆ ಅರ್ಧ. ಮತ್ತೆ ಅದರಾಗೆ ಅರ್ಧ. ಸೊನ್ನೆ ಅನ್ನೋದು ಆಗೋದೇ ಇಲ್ಲ. ಹೊಟ್ಟೆಯಾಗಿರೋ ಕೂಸಿಗೆ ಏನಾದರೂ ಆದರೆ ನೀನು ಹೊಣೆನಾ?"

ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅಣ್ಣ ಬಾಗಿಲ ಹತ್ತಿರ ಕೂತಿದ್ದವನು ನಿಧಾನವಾಗಿ ಕೇಳಿದ.

"ಹಂಗಾದ್ರೆ ಮುಗೀತು ಅಂತ ಯಾವಾಗ ತಿಳ್ಕೋಬೇಕು?"

"ಆರು ಸಲ ಅರ್ಧ ಆಗ್ಲಿ, ಅರವತ್ತು ದಿನ. ಆಮೇಲೆ ನೋಡೋಣ" ಅಂದೆ. ಬಾಯಿಗೆ ಬಂದ ಸಂಖ್ಯೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಆರು ಸಲ ಅರ್ಧ ಮಾಡಿ ತೋರಿಸಿ ನಿಲ್ಲಿಸುವ ರೂಢಿ, ಅಷ್ಟಕ್ಕೆ ಬೋರ್ಡು ತುಂಬುತ್ತದೆ.

ಹೇಳದೇ ಬಿಟ್ಟದ್ದು ಇದು. ಆಕ್ಟಿನಿಯಂ ಬಿಡುವುದು ಆಲ್ಫಾ ಕಣ. ಆಲ್ಫಾ ಕಣವನ್ನು ಒಂದು ಕಾಗದದ ಹಾಳೆ ತಡೆಯುತ್ತದೆ. ಮೈಯೊಳಗೆ ಹೋದರೆ ಅಕ್ಕಪಕ್ಕದ ನಾಲ್ಕಾರು ಜೀವಕೋಶ ದಾಟುವಷ್ಟರಲ್ಲಿ ಅದರ ಕಸುವು ಮುಗಿಯುತ್ತದೆ, ಅದಕ್ಕೇ ಕ್ಯಾನ್ಸರಿನ ಗಂಟಿಗೆ ಅಂಟಿಸಿ ಕಳಿಸೋದು. ಸವೆಯುತ್ತ ಅದು ಬೇರೆ ಬೇರೆ ಮೂಲವಸ್ತು ಆಗುತ್ತದಲ್ಲ, ಅವು ಸ್ವಲ್ಪ ಕಿರಣ ಹೊರಗೆ ಬಿಡುತ್ತವೆ. ಉಚ್ಚೆ-ಬೆವರಿನಲ್ಲಿ ಒಂದಿಷ್ಟು ಹೋಗುತ್ತದೆ. ಆ ಕಾರಣಕ್ಕೆ ಒಂದು ವಾರದ ಎಚ್ಚರಿಕೆ, ಅಷ್ಟೇ. ಆಲ್ಫಾ ಕಣದ ಈ ಪಾಠವನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳಿದವಳು ಅವತ್ತು ಮನೆಯಲ್ಲಿ ಹೇಳಲಿಲ್ಲ. ಕಾಗದದ ಹಾಳೆ ಸಾಕು ಅಂದರೆ ಅವ್ವ ಅದನ್ನೇ ಹಿಡಿದುಕೊಂಡು ಆ ಒಂದು ವಾರವನ್ನೂ ಮುರಿಯುತ್ತಾಳೆ ಅಂತ ಗೊತ್ತಿತ್ತು. ಹೆದರಿಸಿದರೇ ಕೆಲಸ ಆಗೋದು ಅಂದುಕೊಂಡೆ. ಅವ್ವ ಹೆದರಲಿಲ್ಲ, ಆದರೆ ನನ್ನ ಕಾಟಕ್ಕೆ ಸುಮ್ಮನಾದಳು.

ಅವತ್ತೇ ಸಂಜೆ ಬಸ್ಸಿನಲ್ಲಿ ಬೇಡ ಅಂತ ಕಾರು ಮಾಡಿಕೊಂಡು ಅಣ್ಣನನ್ನು ಶಿಕಾರಿಪುರದ ನನ್ನ ಮನೆಗೆ ಕರೆತಂದೆ. ಹತ್ತು ದಿನ ಇಟ್ಟುಕೊಂಡೆ. ಬೆಳಿಗ್ಗೆ ಎದ್ದು ಅವನ ಹಾಸಿಗೆ ಬಟ್ಟೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಗಂಜಿ ಮಾಡಿ, ಕಾಲೇಜಿಗೆ ಓಡಿ, ಮಧ್ಯಾಹ್ನ ಬಂದು ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟು, ಮತ್ತೆ ಓಡುತ್ತಿದ್ದೆ. ಸಂಜೆ ಪ್ರಾಕ್ಟಿಕಲ್ ರೆಕಾರ್ಡುಗಳ ರಾಶಿ. ಅಕ್ಕರೆಯಿಂದ ಮಾಡಿದೆ ಅಂತ ಹೇಳಲಾರೆ. ಒಂದೊಂದು ದಿನ ಅವನು ಎರಡನೇ ಸಲ ನೀರು ಹಾಕೋದು ಮರೆತರೆ ಬಾಗಿಲ ಹೊರಗಿನಿಂದಲೇ ಕೂಗುತ್ತಿದ್ದೆ. ಅವನು "ಆತು ಮೇಡಮ್ಮೋರೇ" ಅಂತ ಮತ್ತೆ ಬಕೆಟ್ ಎತ್ತುತ್ತಿದ್ದ. ನಲವತ್ತು ವರ್ಷದ ಎಲೆ-ಅಡಿಕೆ ಚಟ ಅವನದ್ದು, ಬಾಯಿ ಒಣಗಿ ಅದೂ ಬಿಟ್ಟುಹೋಯಿತು. ಸುಮ್ಮನೆ ಅಡಿಕೆ ಕತ್ತರಿ ಹಿಡಿದುಕೊಂಡು ಕೂರುತ್ತಿದ್ದ.

ಮದ್ದು ಹಿಡಿಯಿತು ಅನ್ನೋದು ನಿಜ. ಒಂದು ತಿಂಗಳಿಗೆ ಸೊಂಟದ ನೋವು ಇಳಿಯಿತು, ರಕ್ತದಲ್ಲಿ ಕ್ಯಾನ್ಸರಿನ ಲೆಕ್ಕ ಇಳಿಯಿತು, ಮತ್ತೆ ಸ್ಕೂಟರ್ ಹತ್ತಿ ಅಂಗಡಿಗೆ ಹೋಗತೊಡಗಿದ. ಡಾಕ್ಟರು ಎಂಟು ವಾರಕ್ಕೊಂದು ಅಂತ ಒಟ್ಟು ನಾಲ್ಕು ಡೋಸು ಬರೆದಿದ್ದರು. ನಾಲ್ಕೂ ಆಗಲೇಬೇಕು, ನಡುವೆ ಬಿಟ್ಟರೆ ಮತ್ತೆ ಕೆರಳುತ್ತದೆ ಅಂತ ಒತ್ತಿ ಹೇಳಿದ್ದರು. ಎರಡನೇ ಡೋಸಿಗೆ ಹೋಗಿ ಬಂದು ನನ್ನ ಮನೆಯಲ್ಲಿರುವಾಗಲೇ ಸೊರಬದ ಆಸ್ಪತ್ರೆಯಿಂದ ಅತ್ತಿಗೆಯ ಫೋನು ಬಂತು, ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ ಅಂತ. ಅಣ್ಣ ಫೋನು ಕಿವಿಗಿಟ್ಟುಕೊಂಡು ಅತ್ತ. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು, ತೂಕ ಎಷ್ಟಂತೆ ಕೇಳು ಅಂದ.

ಹತ್ತು ದಿನ ಕಳೆದು ಜಡೆಗೆ ಹೋದ. ನಾನು ಅಷ್ಟಕ್ಕೆ ನನ್ನ ಪಾಲಿನ ಕೆಲಸ ಮುಗಿಯಿತು ಅಂದುಕೊಂಡೆ.

ಒಂದು ತಿಂಗಳ ಮೇಲೆ ಮಗಳು ಫೋನ್ ಮಾಡಿದಳು. ದನಿ ಕಟ್ಟಿತ್ತು. "ಅತ್ತೆ, ಅಪ್ಪ ಒಂದು ದಿನಾನೂ ಇವಳನ್ನ ಎತ್ಕೊಂಡಿಲ್ಲ. ಹತ್ರನೂ ಬರಲ್ಲ. ನೀವೇ ಹತ್ತು ದಿನ ಇಟ್ಕೊಂಡು ಕಳಿಸಿದೀರಲ್ಲ, ಇನ್ನೇನು ಅಡ್ಡಿ? ಹೆಣ್ಣು ಅಂತ ಬೇಜಾರಾ ಅವರಿಗೆ? ನನ್ನ ಗಂಡನ ಮನೆಯವರು ಕೇಳಿದ್ರು, ಅಜ್ಜ ಎತ್ಕೊಂಡಿರೋ ಒಂದು ಫೋಟೋ ಕಳಿಸು ಅಂತ. ಏನು ಹೇಳ್ಲಿ ನಾನು?"

ನನಗೆ ಅಣ್ಣನ ಮೇಲೆ ಸಿಟ್ಟು ಬಂತು. ಒಂದು ಭಾನುವಾರ ಹೋದೆ. ನೋಡಿದರೆ ತೊಟ್ಟಿಲು ಪಡಸಾಲೆಯಲ್ಲಿದೆ, ಅಣ್ಣ ಅಂಗಳದಾಚೆ ಕಟ್ಟೆಯ ಮೇಲೆ ಕೂತಿದ್ದಾನೆ, ತೊಟ್ಟಿಲಿಗೆ ಕಟ್ಟಿದ ನೈಲಾನ್ ಹಗ್ಗದ ತುದಿ ಅವನ ಕೈಯಲ್ಲಿದೆ. ಅಂಗಡಿಯಲ್ಲಿ ಮೂಟೆ ಬಿಗಿಯುವ ನೀಲಿ ಹಗ್ಗ. ಅಷ್ಟು ದೂರದಿಂದ ತೂಗುತ್ತಿದ್ದಾನೆ. ಕೂಸು ಅತ್ತರೆ ಹಗ್ಗ ಜಗ್ಗುತ್ತಾನೆ, ನಿಲ್ಲಿಸಿದರೆ ಬಿಡುತ್ತಾನೆ. ಅತ್ತಿಗೆ ನನ್ನನ್ನು ನೋಡಿ, "ನಿಮ್ಮಣ್ಣನ ಹೊಸ ಕೆಲಸ ನೋಡು" ಅಂತ ನಕ್ಕಳು. ಅವಳ ನಗುವಿನಲ್ಲೂ ನೋವಿತ್ತು.

"ಏನಿದು ನಿನ್ನ ಆಟ? ಅವಳು ಅಳ್ತಾಳೆ, ಎತ್ಕೊಂಡರೆ ಏನಾಗುತ್ತೆ?" ಅಂದೆ.

"ಸೊಂಟ ಹಿಡಿದದೆ, ಬಗ್ಗಕ್ಕಾಗಲ್ಲ" ಅಂದ. ನನ್ನ ಮುಖ ನೋಡದೆ ಹೇಳಿದ. ನಾನು ನಂಬಿದೆ. ನಂಬಿದ್ದಕ್ಕೆ ಕಾರಣ ನಾನು ಸೋತಿದ್ದೆ, ಇನ್ನೊಂದು ಪ್ರಶ್ನೆ ಕೇಳಿದರೆ ಇನ್ನೊಂದು ಕೆಲಸ ತಲೆ ಮೇಲೆ ಬೀಳುತ್ತದೆ ಅನ್ನುವ ಭಯ. ಮಗಳಿಗೆ, ಅಪ್ಪನಿಗೆ ಸೊಂಟ ನೋವಮ್ಮ, ಹೆಣ್ಣು ಗಂಡು ಅಂತೆಲ್ಲ ಅವನಿಗಿಲ್ಲ ಅಂದು ಬಸ್ಸು ಹತ್ತಿದೆ. ಅವಳು ತಲೆ ಆಡಿಸಿದಳು, ಒಪ್ಪಿದ ಹಾಗೆ ಕಾಣಲಿಲ್ಲ.

ಮೂರನೇ ಡೋಸೂ ಆಯಿತು. ಮತ್ತೆ ಹತ್ತು ದಿನ ನನ್ನ ಮನೆ, ಮತ್ತೆ ಬಕೆಟ್ಟು, ಮತ್ತೆ ಗಂಜಿ. ಆಮೇಲೆ ಅವನು ಬೆಳಗಿನ ಹೊತ್ತು ಗುಡವಿ ಕೆರೆಗೆ ಹೋಗಿ ಕೂರುವ ಅಭ್ಯಾಸ ಮಾಡಿಕೊಂಡ ಅಂತ ಅತ್ತಿಗೆ ಹೇಳಿದಳು. ಹಕ್ಕಿ ನೋಡುತ್ತಾನಂತೆ. ಹಕ್ಕಿ ಭತ್ತ ತಿನ್ನುತ್ತದೆ ಅಂತ ಬೈಯುತ್ತಿದ್ದವನು ಅವನು. ಮನೆಯಲ್ಲಿ ಕೂಸು ಮಗುಚಿಕೊಳ್ಳಲು ಶುರು ಮಾಡಿತ್ತು, ನೆಲದ ಮೇಲೆ ಬಿಟ್ಟರೆ ಹೊರಳಿಕೊಂಡು ಅವನ ಕಡೆಗೇ ಬರುತ್ತಿತ್ತು. ಅದಕ್ಕೆ ಅವನು ಎದ್ದು ಹೋಗುತ್ತಿದ್ದ ಅಂತ ಈಗ ಅರ್ಥವಾಗುತ್ತದೆ.

ನಾಲ್ಕನೇ ಡೋಸಿಗೆ ಎರಡು ವಾರ ಇರುವಾಗ ಅವನೇ ಫೋನ್ ಮಾಡಿದ. "ಅದನ್ನ ಒಂದು ನಾಲ್ಕೈದು ದಿನ ಮುಂದೆ ಹಾಕಕ್ಕಾಗಲ್ವಾ?"

ನಾನು ಪರೀಕ್ಷೆಯ ಕೊಠಡಿಯಿಂದ ಹೊರಗೆ ಬಂದು ಮಾತಾಡುತ್ತಿದ್ದೆ. "ಡೈರಿ ಹಾಲಲ್ಲ ಅದು, ನಾಳೆ ಬರ್ತೀನಿ ಎತ್ತಿಡಿ ಅನ್ನಕ್ಕೆ. ವಿಮಾನದಾಗೆ ಬರುತ್ತೆ. ಆ ಬುಧವಾರ ಇಲ್ಲ ಅಂದ್ರೆ ಇನ್ನು ಮೂರು ತಿಂಗಳು ಸಿಗಲ್ಲ ಅಂದಿದಾರೆ" ಅಂತ ರೇಗಿದೆ. ಯಾಕೆ ಮುಂದೆ ಹಾಕಬೇಕು ಅಂತ ಕೇಳಲಿಲ್ಲ. ಅವನು, "ಹೂಂ, ಹಂಗಾದ್ರೆ ಬಿಡು" ಅಂದ. ಆಮೇಲೆ, ಮಗಳನ್ನು ಆ ಮುಂದಿನ ವಾರ ಗಂಡನ ಮನೆಗೆ ಕಳಿಸೋದು ಅಂತ ಆಗಿದೆ, ಕೂಸಿಗೆ ಐದು ತಿಂಗಳು ತುಂಬುವುದರೊಳಗೆ ಬೀಗರು ಬರುತ್ತಾರೆ ಅಂತ ಹೇಳಿ ಫೋನಿಟ್ಟ.

ಆ ಬುಧವಾರ ನಾನು ಶಿವಮೊಗ್ಗದಲ್ಲಿ ಉತ್ತರಪತ್ರಿಕೆ ತಿದ್ದುವ ಡ್ಯೂಟಿಯಲ್ಲಿದ್ದೆ. ಬಿಡುಗಡೆ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಣ್ಣ ತಾನೇ ಹೇಳಿದ: ಪಕ್ಕದ ಅಂಗಡಿಯವನ ಕಾರಿದೆ, ಅವನ ಜೊತೆ ಹೋಗಿ ಹಾಕಿಸಿಕೊಂಡು ಬರ್ತೀನಿ, ಕೂಸಿರೋ ಮನೆಗೆ ಹೋಗಲ್ಲ, ಅಂಗಡಿ ಮೇಲಿನ ಕೋಣೆಯಾಗೆ ಇರ್ತೀನಿ, ಭಾನುವಾರ ಬಂದು ಕರ್ಕೊಂಡು ಹೋಗು. ಗುರುವಾರ ಫೋನ್ ಮಾಡಿ ಆಯಿತಾ ಅಂದೆ. ಆತು ಅಂದ. ಶುಕ್ರವಾರ, ಬಾಯಿ ಒಣಗ್ತಿದೆಯಾ ಅಂದೆ. ಅದು ಯಾವಾಗಲೂ ಇರೋದೇ ಅಂದ.

ಭಾನುವಾರ ಬೆಳಿಗ್ಗೆ ಸೊರಬಕ್ಕೆ ಹೋದೆ. ಅಂಗಡಿಯೂ ಬೀಗ, ಮೇಲಿನ ಕೋಣೆಯೂ ಬೀಗ. ಫೋನ್ ತೆಗೆಯಲಿಲ್ಲ. ಏನಾಯಿತೋ ಅಂತ ಜಡೆಯ ಬಸ್ಸು ಹತ್ತಿದೆ. ಮನೆ ಮುಂದೆ ಬಂದು ನೋಡುತ್ತೇನೆ, ಕಟ್ಟೆಯ ಮೇಲೆ ಅಣ್ಣ ಕಾಲು ಮಡಚಿ ಕೂತಿದ್ದಾನೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಬಿಳಿ ಅಂಗಿ ತೊಟ್ಟಿದ್ದಾನೆ. ತೊಡೆಯ ಮೇಲೆ ಕೂಸು. ಅದು ಅವನ ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಹಿಡಿದು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದೆ. ಮಗಳು ಫೋನು ಹಿಡಿದು ಫೋಟೋ ತೆಗೆಯುತ್ತಿದ್ದಾಳೆ, ಅತ್ತಿಗೆ ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಅವ್ವ ಪಕ್ಕದಲ್ಲಿ ಕೂತು, "ಕುತ್ತಿಗೆ ಹಿಡಿಯೋ, ಕುತ್ತಿಗೆ" ಅನ್ನುತ್ತಿದ್ದಾಳೆ.

ಡೋಸು ಬಿದ್ದು ನಾಲ್ಕನೇ ದಿನ. ಒಂದು ವಾರದ ಒಳಗೆ. ಓಡಿಹೋಗಿ ಕೂಸಿಗೆ ಕೈ ಹಾಕಿದೆ. "ಬುದ್ಧಿ ಇದೆಯಾ ನಿನಗೆ? ಬುಧವಾರ ಹಾಕಿಸ್ಕೊಂಡು ಭಾನುವಾರ ಕೂಸು ಎತ್ಕೋತೀಯಾ?"

ಅವನು ಕೂಸನ್ನು ಬಿಡಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಸರಿಸಿದ. ಮಗಳಿಗೆ, "ನೀನು ಒಳಗೆ ಹೋಗಿ ನಿಮ್ಮತ್ತೆಗೆ ಚಾ ಮಾಡವ್ವ" ಅಂದ. ಅತ್ತಿಗೆಯೂ ಅವಳ ಹಿಂದೆ ಹೋದಳು. ಅವ್ವನಿಗೆ ಕಿವಿ ಮಂದ, ಅವಳು ಕೂಸಿನ ಕಾಲು ನೀವುತ್ತ ಇದ್ದಳು.

"ಹಾಕಿಸ್ಕೊಂಡಿಲ್ಲ" ಅಂದ.

"ಏನು?"

"ಹೋಗಲಿಲ್ಲ ನಾನು. ಸೋಮವಾರನೇ ಆಸ್ಪತ್ರೆಗೆ ಫೋನ್ ಮಾಡಿ ಬರಲ್ಲ ಅಂದೆ. ಬೇರೆ ಯಾರಿಗಾದ್ರೂ ಆಗ್ತದಾ ಅಂತ ಕೇಳ್ದೆ, ನೋಡ್ತೀವಿ ಅಂದ್ರು. ಮನೆಯಾಗೆ ಆಸ್ಪತ್ರೆಯವರೇ ಮುಂದಕ್ಕೆ ಹಾಕಿದಾರೆ ಅಂತ ಹೇಳೀನಿ. ನೀನೂ ಹಂಗೇ ಹೇಳು."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

"ನೀನು ಅವತ್ತು ಹೇಳಿದ್ಯಲ್ಲ, ಆರು ಸಲ ಅರ್ಧ ಆಗ್ಬೇಕು, ಅರವತ್ತು ದಿನ ಅಂತ" ಅಂದ ಅಣ್ಣ. ತಾನು ಕಂಡುಹಿಡಿದದ್ದನ್ನು ತೋರಿಸುವ ಹಾಗೆ, ಸ್ವಲ್ಪ ಉತ್ಸಾಹದಿಂದಲೇ ಹೇಳಿದ. "ಅವರು ಹಾಕೋದು ಎಂಟು ವಾರಕ್ಕೆ. ಎಂಟು ವಾರ ಅಂದ್ರೆ ಐವತ್ತಾರು ದಿನ. ಪ್ರತಿ ಸಲ ನಾಲ್ಕು ದಿನ ಕಮ್ಮಿ ಬೀಳ್ತಿತ್ತು. ಅಷ್ಟರಾಗೆ ಮತ್ತೆ ಹೊಸದು ಹಾಕೋರು, ಮತ್ತೆ ಮೊದಲಿಂದ ಎಣಿಸ್ಬೇಕು. ಈ ಸಲಾನೂ ಹಾಕಿಸ್ಕೊಂಡಿದ್ರೆ ಅರವತ್ತು ತುಂಬೋ ಹೊತ್ತಿಗೆ ಇವಳು ಹಾವೇರಿ ಸೇರಿರ್ತಾಳೆ. ಅಲ್ಲಿಗೆ ಹೋಗಿ ಎತ್ಕೊಳ್ಳೋ ತ್ರಾಣ ನನಗೆ ಇರ್ತದಾ ಇಲ್ವಾ ಯಾರಿಗೆ ಗೊತ್ತು."

ಕೂಸು ಅವನ ಗಡ್ಡ ಹಿಡಿದು ಎಳೆಯಿತು. ಅವನು ತಲೆ ಬಗ್ಗಿಸಿ ಎಳೆಯಲು ಬಿಟ್ಟ.

ನಾನು ಹೇಳಬೇಕಾಗಿದ್ದದ್ದು, ಹೇಳದೇ ಉಳಿದದ್ದು ಇದು. ಒಂದು ವಾರ ಸಾಕಿತ್ತು ಅಣ್ಣ. ನನ್ನ ಮನೆಯಿಂದ ವಾಪಸ್ ಬಂದ ಮೊದಲ ದಿನವೇ ನೀನು ಇವಳನ್ನು ಎತ್ತಿಕೊಳ್ಳಬಹುದಿತ್ತು. ಬಾಣಂತಿಯ ಮಂಚದ ಪಕ್ಕ ಕೂತು ವಾರದ ಕೂಸನ್ನು ಎತ್ತಿಕೊಳ್ಳಬಹುದಿತ್ತು. ಆ ಹಗ್ಗ ಬೇಕಿರಲಿಲ್ಲ. ಬುಧವಾರ ಡೋಸು ಹಾಕಿಸಿಕೊಳ್ಳುವ ಹಿಂದಿನ ದಿನವೂ ಇವಳನ್ನು ಎದೆಗೆ ಒತ್ತಿಕೊಂಡು ಆಮೇಲೆ ಕಾರು ಹತ್ತಬಹುದಿತ್ತು. ಅರವತ್ತು ಅನ್ನೋದು ನಾನು ಸಿಟ್ಟಿನಲ್ಲಿ ಅವ್ವನ ಮುಖಕ್ಕೆ ಎಸೆದ ಸಂಖ್ಯೆ, ಎಸೆದು ನಾನೇ ಮರೆತದ್ದು.

ಹೇಳಿದರೆ ಏನಾಗುತ್ತಿತ್ತು? ಬುಧವಾರ ಬಂದ ಮದ್ದು ವಾಪಸ್ ಬರುವುದಿಲ್ಲ. ಇನ್ನೊಂದಕ್ಕೆ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಕಾಯಿಲೆ ಕೆರಳುತ್ತದೆ ಅಂತ ಡಾಕ್ಟರು ಹೇಳಿದ್ದರು, ಕೆರಳಿತು ಕೂಡ; ಅವರು ಮತ್ತೆ ಕರೆಯುವ ಹೊತ್ತಿಗೆ ಅವನ ಮೂಳೆಯ ಮಜ್ಜೆಯಲ್ಲಿ ಮದ್ದು ತಡೆಯುವ ಶಕ್ತಿ ಉಳಿದಿರಲಿಲ್ಲ. ನಾಲ್ಕನೆಯದು ಬಿದ್ದಿದ್ದರೆ ಅವನು ಇನ್ನೂ ಎಷ್ಟು ದಿನ ಇರುತ್ತಿದ್ದ ಅಂತ ಆಮೇಲೆ ಅತ್ತಿಗೆ ನನ್ನನ್ನು ಕೇಳಿದ್ದಾಳೆ. ಗೊತ್ತಿಲ್ಲ ಅಂದಿದ್ದೇನೆ. ಅದು ನಿಜ, ಆದರೆ ಅವಳು ಕೇಳಿದ ರೀತಿಗೆ ಅದು ಉತ್ತರ ಅಲ್ಲ ಅಂತ ನನಗೆ ಗೊತ್ತು.

ಅವತ್ತು ಕಟ್ಟೆಯ ಮೇಲೆ ಇದನ್ನೆಲ್ಲ ಕ್ರಮವಾಗಿ ಯೋಚಿಸಿದೆ ಅಂತಲ್ಲ. ಅವನ ಮುಖ ನೋಡಿದೆ, ಅಷ್ಟೇ. ಎರಡು ವರ್ಷದಿಂದ ಆ ಮುಖದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಕೂಸು ಅವನ ಅಂಗಿಯ ಮೇಲೆ ಜೊಲ್ಲು ಸುರಿಸುತ್ತಿತ್ತು, ಅವನು ಒರೆಸಿಕೊಳ್ಳುತ್ತಲೂ ಇರಲಿಲ್ಲ.

"ಇವತ್ತಿಗೆ ಅರವತ್ತು" ಅಂದ. "ಈಗ ಎಷ್ಟು ಉಳಿದಿರ್ತದೆ ಒಳಗೆ?"

ನಾನು ಬೆರಳು ಮಡಚಿ ಎಣಿಸಿದೆ. ಎಣಿಸುವ ಅಗತ್ಯವಿರಲಿಲ್ಲ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಲೆಕ್ಕ ಅದು. ಅವನ ಮುಖ ನೋಡದೆ ಇರಲು ಏನಾದರೂ ಮಾಡಬೇಕಿತ್ತು.

"ಅರವತ್ನಾಲ್ಕು ಪಾಲು ಮಾಡಿದರೆ ಅದರಲ್ಲಿ ಒಂದು."

"ಅಷ್ಟೇನಾ? ಇವಳಿಗೆ ಏನೂ ಆಗಲ್ಲ ಅಲ್ವಾ? ನನ್ನ ಲೆಕ್ಕ ಸರಿ ಅದೆಯಲ್ಲ?"

"ಸರಿ ಇದೆ ಅಣ್ಣ" ಅಂದೆ.

ಅವನು ಕೂಸನ್ನು ತಿರುಗಿಸಿ ನನ್ನ ಕಡೆ ಮುಖ ಮಾಡಿ ಕೂರಿಸಿಕೊಂಡ. ಅದರ ಕೈ ಹಿಡಿದು ನನಗೆ ನಮಸ್ಕಾರ ಮಾಡಿಸಿದ. "ನೋಡು, ನಿಮ್ಮಜ್ಜಿ. ಇವರು ಹೇಳಿಕೊಟ್ಟಿದ್ದಕ್ಕೇ ನಾನು ಇಷ್ಟು ದಿನ ತಡ್ಕೊಂಡಿದ್ದು" ಅಂತ ಅದಕ್ಕೆ ಹೇಳಿದ. ಒಳಗಿನಿಂದ ಮಗಳು ಚಾ ತಂದು ನನ್ನ ಮುಂದೆ ಹಿಡಿದಳು, ನಾನು ತಗೊಂಡು ಕುಡಿದೆ.